ಬಸ್ಸು ತಪ್ಪೋಯ್ತೇನವ್ವಾ?

ನಾಲೆ ಏರಿಯ ಮೇಲೆ ಮೊದಲ ಸಲ ಓಡಿದ ದಿನ ನನ್ನನ್ನು ಮಾತಾಡಿಸಿದವರು ಎತ್ತಿನ ಗಾಡಿಯಲ್ಲಿ ಕಬ್ಬಿನ ಸೋಗೆ ಹೇರಿಕೊಂಡು ಬರುತ್ತಿದ್ದ ಒಬ್ಬ ಅಜ್ಜ. ಗಾಡಿ ನಿಲ್ಲಿಸಿ, "ಬಸ್ಸು ತಪ್ಪೋಯ್ತೇನವ್ವಾ? ಅತ್ಕೊ, ರೋಡ್‌ಗಂಟ ಬುಡ್ತೀನಿ" ಅಂದರು. "ಇಲ್ಲ ಕಣಜ್ಜ, ಸುಮ್ನೆ ಓಡ್ತಾ ಇವ್ನಿ" ಅಂದೆ. ಅವರು ಕತ್ತು ಚಾಚಿ ನನ್ನ ಹಿಂದಕ್ಕೆ ನೋಡಿದರು, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೋ ಏನೋ ಅಂತ. ಯಾರೂ ಕಾಣಲಿಲ್ಲ. ಎತ್ತುಗಳಿಗೆ "ಹೋ" ಅಂದು ಹೊರಟರು. ಆಮೇಲೆ ಐದು ವರ್ಷ ಆ ಏರಿಯ ಮೇಲೆ ಓಡಿದೆ. ಅವರು ಎದುರಾದಾಗಲೆಲ್ಲ ಇದೇ ಪ್ರಶ್ನೆ. ಮೊದಲು ನಿಜಕ್ಕೂ ಕೇಳುತ್ತಿದ್ದರು, ಆಮೇಲಾಮೇಲೆ ತಮಾಷೆಗೆ.

ನಾನು ಹುಟ್ಟಿದ್ದು 1979ರಲ್ಲಿ. ಮಂಡ್ಯದಿಂದ ಆರು ಕಿಲೋಮೀಟರ್ ದೂರದ ಹಳ್ಳಿ, ಎರಡು ಹಸು, ಒಂದೂವರೆ ಎಕರೆ ಗದ್ದೆ, ಮಂಡ್ಯದ ಒಂದು ಸಹಕಾರ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನ ಕೆಲಸ. ಓಟದ ಕನಸೇನೂ ನನಗೆ ಇರಲಿಲ್ಲ. ನಮ್ಮ ವಯಸ್ಸಿನ ಹುಡುಗಿಯರಿಗೆ ಓಟ ಅಂದರೆ ಪೇಪರಿನಲ್ಲಿ ಬರುತ್ತಿದ್ದ ಅಶ್ವಿನಿ ನಾಚಪ್ಪನವರ ಫೋಟೊ. ಅದೆಲ್ಲ ಕೊಡಗಿನವರಿಗೆ ಸರಿ, ನಮಗಲ್ಲ ಅಂದುಕೊಂಡು ಪುಟ ಮಗುಚುತ್ತಿದ್ದೆವು. 2017ರಲ್ಲಿ ನಮ್ಮೆಜಮಾನರಿಗೆ ಬಿ.ಪಿ. ಬಂತು. ಡಾಕ್ಟರು ದಿನಾ ಬೆಳಿಗ್ಗೆ ನಡೆಯಿರಿ ಅಂದರು. ಒಬ್ಬರೇ ಹೋಗಲು ಬೇಜಾರು ಅಂತ ನನ್ನನ್ನೂ ಎಬ್ಬಿಸಿಕೊಂಡು ಹೊರಟರು. ನಾಲ್ಕನೇ ದಿನ ಅವರು ಏಳಲಿಲ್ಲ, ನಾನು ಎದ್ದೆ. ನಡಿಗೆಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು, ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಬೇಕಿತ್ತು. ಅದೇ ದೂರವನ್ನು ಬೇಗ ಮುಗಿಸಲು ಅಲ್ಲಲ್ಲಿ ಓಡತೊಡಗಿದೆ. ಯಾರಾದರೂ "ಹೇಗೆ ಶುರು ಮಾಡಿದಿರಿ ಮೇಡಂ" ಅಂತ ಕೇಳಿದರೆ ಇದಕ್ಕಿಂತ ಚೆಂದದ ಕಥೆ ನನ್ನ ಹತ್ತಿರ ಇಲ್ಲ. ಹಾಲಿಗೆ ತಡವಾಗುತ್ತೆ ಅಂತ ಓಡಿದೆ, ಅಷ್ಟೆ.

ಮಗಳ ಪಿ.ಟಿ. ಶೂ, ಹಳೇ ಚೂಡಿದಾರ್. ಆರು ತಿಂಗಳಿಗೆ ಐದು ಕಿಲೋಮೀಟರ್ ನಿಲ್ಲದೆ ಓಡುವಂತಾದೆ. ಮರುವರ್ಷ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್. ಕೋವಿಡ್‌ಗೆ ಮುಂಚೆ ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಮಗ್ಗುಲಿನ ನಾಲೆ ಏರಿಯ ಮೇಲೆ ನಡೆಯುವ ಕಾವೇರಿ ಟ್ರೈಲ್ ಮ್ಯಾರಥಾನ್‌ನಲ್ಲಿ ಹಾಫ್, ಅಂದರೆ 21.1 ಕಿಲೋಮೀಟರ್. ಬೆಂಗಳೂರಿನಿಂದ ಬಂದವರು "ಓ, ಮಣ್ಣು ದಾರಿ, ಎಷ್ಟು ಕಷ್ಟ" ಅನ್ನುತ್ತಿದ್ದರು. ನನಗೆ ಗೊತ್ತಿದ್ದುದೇ ಮಣ್ಣು ದಾರಿ. ಅವತ್ತೊಂದು ದಿನ ಮಾತ್ರ ನನಗೆ ಜಂಬ ಬಂದಿತ್ತು.

ಫುಲ್, ಅಂದರೆ ಪೂರ್ತಿ ಮ್ಯಾರಥಾನ್ ಓಡಬೇಕು ಅನ್ನಿಸಿದ್ದು 2022ರಲ್ಲಿ. ಮುಂಬೈ ಮ್ಯಾರಥಾನ್ ಎರಡು ವರ್ಷ ನಿಂತುಹೋಗಿ ಮತ್ತೆ ಜನವರಿಯಲ್ಲಿ ನಡೆಯುತ್ತೆ ಅಂತ ಗೊತ್ತಾಯಿತು. ಮಾಟುಂಗದಲ್ಲಿ ಚಿಕ್ಕಮ್ಮ ಇದ್ದರು. ರೈಲ್ವೆಯಲ್ಲಿದ್ದ ಚಿಕ್ಕಪ್ಪನ ಜೊತೆ ನಲವತ್ತು ವರ್ಷದ ಹಿಂದೆ ಹೋದವರು ಅಲ್ಲೇ ನೆಲೆ ನಿಂತಿದ್ದಾರೆ. ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಅದು ಹೋಗಿ ನಿಲ್ಲುವುದು ಮುಂಬೈಯ ದೊಡ್ಡ ರೈಲು ನಿಲ್ದಾಣ ಸಿ.ಎಸ್.ಎಂ.ಟಿ.ಯಲ್ಲಿ, ಓಟ ಶುರುವಾಗುವುದೂ ಅದರ ಮುಂದೆಯೇ. ಇಷ್ಟು ಅನುಕೂಲ ಇರುವಾಗ ಹೋಗದಿದ್ದರೆ ತಪ್ಪು ನನ್ನದೇ ಅನ್ನಿಸಿ ಹೆಸರು ಕೊಟ್ಟೆ.

ತರಬೇತಿಯ ಲೆಕ್ಕ ಕಾಗದದ ಮೇಲೆ ಬಹಳ ಸುಲಭ. ವಾರಕ್ಕೆ ನಾಲ್ಕು ಓಟ. ಮೂರು ಚಿಕ್ಕವು, ಆರರಿಂದ ಎಂಟು ಕಿಲೋಮೀಟರ್. ಭಾನುವಾರ ಒಂದು ಲಾಂಗ್ ರನ್. ಅದು ಹದಿನಾಲ್ಕರಿಂದ ಶುರುವಾಗಿ ವಾರವಾರ ಎರಡೆರಡು ಏರುತ್ತಾ, ನಾಲ್ಕು ವಾರಕ್ಕೊಮ್ಮೆ ಇಳಿದು, ಕೊನೆಗೆ 32 ಮುಟ್ಟಬೇಕು. ಪೂರ್ತಿ 42.195 ಕಿಲೋಮೀಟರನ್ನು ತರಬೇತಿಯಲ್ಲಿ ಯಾರೂ ಓಡಿಸುವುದಿಲ್ಲ, ಮೈ ಸುಧಾರಿಸಿಕೊಳ್ಳಲು ವಾರಗಟ್ಟಲೆ ಬೇಕಾಗುತ್ತೆ. ಮಾತಾಡುತ್ತಾ ಓಡಲು ಆಗಬೇಕು, ಏದುಸಿರು ಬಂದರೆ ಜೋರಾಯಿತು ಅಂತ ಅರ್ಥ. ಇದೆಲ್ಲ ಒಂದು ಸಂಜೆ ಕೂತು ಮಗಳ ರಫ್ ಬುಕ್ಕಿನಲ್ಲಿ ಬರೆದುಕೊಂಡೆ. ಅದರಲ್ಲಿ ಬರೆಯಲಾಗದೆ ಉಳಿದದ್ದು, ಈ ಹೊತ್ತನ್ನೆಲ್ಲ ಎಲ್ಲಿಂದ ತರುವುದು ಅನ್ನುವುದು.

ನಾನು ಕಿಲೋಮೀಟರಿಗೆ ಎಂಟು ನಿಮಿಷ ತೆಗೆದುಕೊಳ್ಳುವವಳು. 32 ಅಂದರೆ ನಾಲ್ಕು ಗಂಟೆ ಹದಿನಾರು ನಿಮಿಷ. ಎಂಟೂವರೆಗೆ ಮನೆ ಸೇರಬೇಕಾದರೆ ನಾಲ್ಕೂಕಾಲಿಗೆ ಹೊರಡಬೇಕು, ಹೊರಡಬೇಕಾದರೆ ಮೂರೂವರೆಗೆ ಏಳಬೇಕು, ಏಳಬೇಕಾದರೆ ಹಿಂದಿನ ರಾತ್ರಿಯೇ ದೋಸೆ ಹಿಟ್ಟು ರುಬ್ಬಿ, ಚಟ್ನಿಗೆ ಕಾಯಿ ತುರಿದಿಟ್ಟು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಮಗಳನ್ನು ಒಪ್ಪಿಸಿರಬೇಕು. ಬೆಂಗಳೂರಿನಲ್ಲಿ ಪರಿಚಯವಾದ ಗಂಡಸು ಓಟಗಾರರೊಬ್ಬರು, "ಶನಿವಾರ ರಾತ್ರಿ ಎಂಟಕ್ಕೇ ಮಲಗಿಬಿಡಿ ಮೇಡಂ, ನಿದ್ದೆ ಮುಖ್ಯ" ಅಂತ ಬಹಳ ಕಳಕಳಿಯಿಂದ ಹೇಳಿದ್ದರು. ಅವರ ಮನೆಯಲ್ಲಿ ಹಿಟ್ಟು ಯಾರು ರುಬ್ಬುತ್ತಾರೆ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಮೊದಮೊದಲು ಕತ್ತಲಲ್ಲಿ ಒಬ್ಬಳನ್ನೇ ಕಳಿಸಲು ನಮ್ಮೆಜಮಾನರು ಒಪ್ಪಲಿಲ್ಲ. ಸ್ಕೂಟರಿನಲ್ಲಿ ಹಿಂದೆ ಬಂದರು. ಹದಿನಾಲ್ಕು, ಹದಿನಾರು ಕಿಲೋಮೀಟರ್ ಸ್ಕೂಟರನ್ನು ಎಂಟು ನಿಮಿಷಕ್ಕೊಂದು ಕಿಲೋಮೀಟರಿನಂತೆ ಓಡಿಸುವುದು ಎಂಥ ಶಿಕ್ಷೆ ಅಂತ ಆ ಸ್ಕೂಟರಿಗೇ ಗೊತ್ತು, ಎರಡು ಸಲ ಆಫ್ ಆಯಿತು. ಹೆಡ್‌ಲೈಟಿನ ಬೆಳಕಿನಲ್ಲಿ ನನ್ನ ನೆರಳು ಮುಂದೆ ಮುಂದೆ ಉದ್ದಕ್ಕೆ ಓಡುತ್ತಿತ್ತು. ಅವರು ಬಂದದ್ದಕ್ಕೆ ಧೈರ್ಯ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹಿಂದೆ ಒಬ್ಬರು ಆಕಳಿಸುತ್ತಾ ಬರುತ್ತಿದ್ದಾರೆ ಅನ್ನುವ ಅರಿವಿನಲ್ಲಿ ಓಡಲು ಆಗುವುದಿಲ್ಲ. ಪ್ರತಿ ಹೆಜ್ಜೆಗೂ ಪಾಪ ಅವರಿಗೆ ನಿದ್ದೆ ಅನ್ನಿಸುತ್ತೆ, ಬೇಗ ಮುಗಿಸೋಣ ಅನ್ನಿಸುತ್ತೆ. ಮೂರನೇ ಭಾನುವಾರ ಪಕ್ಕದೂರಿನ ಹೈಸ್ಕೂಲಿನ ಪಿ.ಟಿ. ಮೇಡಂ ಒಬ್ಬರು ಜೊತೆಯಾದರು. ನನಗಿಂತ ಹನ್ನೆರಡು ವರ್ಷ ಚಿಕ್ಕವರು, ನನ್ನನ್ನು "ಅಕ್ಕ" ಅನ್ನುತ್ತಿದ್ದರು, ನಾನು ಕೊನೆಯವರೆಗೂ "ಮೇಡಂ" ಅನ್ನುತ್ತಲೇ ಉಳಿದೆ. ಇಬ್ಬರಾದ ಮೇಲೆ ಸ್ಕೂಟರು ಮನೆಯಲ್ಲಿ ಮಲಗಿತು.

ನಾಯಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ಸುಮ್ಮನೆ ನಿಂತರಾಯಿತು, ಎರಡು ಸಲ ಬೊಗಳಿ ಹೋಗುತ್ತೆ. ಬೈಕಿನ ಹುಡುಗರು ಹಾಗಲ್ಲ, ನಿಂತರೆ ಅವರೂ ನಿಲ್ಲುತ್ತಾರೆ. ಅದಕ್ಕಿಂತ ದೊಡ್ಡ ತಾಪತ್ರಯ, ಯಾವ ತರಬೇತಿಯ ಪುಸ್ತಕದಲ್ಲೂ ಇಲ್ಲದ್ದು, ಒಂದಕ್ಕೆ ಹೋಗುವುದು. ಗಂಡಸರು ಏರಿಯ ಪಕ್ಕ ಎಲ್ಲಿ ಬೇಕಾದರೂ ನಿಲ್ಲುತ್ತಾರೆ. ನಮ್ಮ ದಾರಿ ಮಾತ್ರ ಪೆಟ್ರೋಲ್ ಬಂಕಿನಿಂದ ಪೆಟ್ರೋಲ್ ಬಂಕಿಗೆ ಗೀಟು ಎಳೆದ ಹಾಗಿರುತ್ತಿತ್ತು. ಏಳನೇ ಕಿಲೋಮೀಟರಿಗೆ ಒಂದು ಬಂಕು, ಹದಿನೈದಕ್ಕೆ ಒಂದು ಕಲ್ಯಾಣ ಮಂಟಪ. ಅಲ್ಲಿನ ಕಾವಲುಗಾರನ ಹೆಂಡತಿ ನಮಗಾಗಿ ಹಿಂದಿನ ಬಾಗಿಲಿನ ಚಿಲಕ ತೆಗೆದಿಡುತ್ತಿದ್ದಳು. ಅವಳಿಲ್ಲದಿದ್ದರೆ ನನ್ನ ಲಾಂಗ್ ರನ್ ಹದಿನೈದಕ್ಕೇ ನಿಲ್ಲುತ್ತಿತ್ತು. ಅಕ್ಟೋಬರಿನ ಒಂದು ಭಾನುವಾರ ಅವರು ಊರಿಗೆ ಹೋಗಿದ್ದಾರೆ ಅಂತ ಗೊತ್ತಿದ್ದು ನೀರೇ ಕುಡಿಯದೆ ಓಡಿದೆ. ಇಪ್ಪತ್ತನೇ ಕಿಲೋಮೀಟರಿಗೆ ಮೀನಖಂಡ ಹಿಡಿದುಕೊಂಡು ಕಲ್ಲಾಯಿತು. ತೂಬಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ, ಮೇಡಂ ಉಜ್ಜಿದರು. ಆಮೇಲೆ ನೀರು ಬಿಡಲಿಲ್ಲ, ನಾಚಿಕೆ ಬಿಟ್ಟೆ. ಒಬ್ಬರು ದುಪಟ್ಟಾ ಹಿಡಿದು ನಿಂತರೆ ಇನ್ನೊಬ್ಬರಿಗೆ ಕಬ್ಬಿನ ಗದ್ದೆಯೇ ಗೋಡೆ.

ತಿಂಗಳ ದಿನಗಳಲ್ಲೂ ಭಾನುವಾರ ಬರುತ್ತೆ. ಪ್ಯಾಡ್ ಹಾಕಿಕೊಂಡು ಹದಿನೆಂಟು ಓಡಿದ ದಿನ ತೊಡೆಸಂದಿಯ ಚರ್ಮ ಕಿತ್ತುಬಂದಿತ್ತು. ಸ್ನಾನದ ನೀರು ತಾಗಿದಾಗ ಬಚ್ಚಲಿನಲ್ಲಿ ಕೂಗಿದ್ದು ಹೊರಗೆ ಕೇಳಿಸಿ ಅತ್ತೆ ಬಾಗಿಲು ಬಡಿದರು. ಪಿ.ಯು.ಸಿ. ಓದುತ್ತಿದ್ದ ಮಗಳು ಮುಟ್ಟಿನ ಕಪ್ ಅನ್ನುವುದನ್ನು ತರಿಸಿಕೊಟ್ಟಳು. ಅದನ್ನು ಬಳಸಲು ಕಲಿಸಿದವಳೂ ಅವಳೇ, ಬಾಗಿಲಾಚೆ ನಿಂತು ಮೊಬೈಲ್ ನೋಡಿ ಓದಿ ಹೇಳುತ್ತಾ. ಇದನ್ನೆಲ್ಲ ಬರೆಯಬೇಕೇ ಅಂತ ಒಂದು ಕ್ಷಣ ಯೋಚಿಸಿದೆ. ಶೂ ಯಾವುದು ಅಂತ ಹತ್ತು ಜನ ಬರೆಯುತ್ತಾರೆ, ಇದನ್ನು ಒಬ್ಬರು ಬರೆದಿದ್ದರೆ ನನ್ನ ಚರ್ಮ ಉಳಿಯುತ್ತಿತ್ತು. ಕೊಬ್ಬರಿ ಎಣ್ಣೆ ಸಾಲದು, ವ್ಯಾಸಲೀನ್ ದಪ್ಪಗೆ ಬಳಿಯಬೇಕು. ಒಳಗಿನ ಬಟ್ಟೆ ಹತ್ತಿಯದಾದರೆ ಬೆವರು ಹಿಡಿದುಕೊಂಡು ಉಜ್ಜುತ್ತೆ. ಸ್ಪೋರ್ಟ್ಸ್ ಬ್ರಾಗೆ ಒಂದೂವರೆ ಸಾವಿರ ಕೊಡಲು ನಾನು ಎರಡು ತಿಂಗಳು ಮೀನಮೇಷ ಎಣಿಸಿದೆ. ಅದೇ ಎರಡು ತಿಂಗಳು ನಮ್ಮನೆ ಟ್ರ್ಯಾಕ್ಟರಿನ ಟೈರಿಗೆ ಯಾರೂ ಎಣಿಸಲಿಲ್ಲ.

ಸೆಪ್ಟೆಂಬರಿನಲ್ಲಿ ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳತೊಡಗಿತು. ಓಟ ಜಾಸ್ತಿಯಾಯಿತೇನೋ ಅಂತ ಡಾಕ್ಟರ ಹತ್ತಿರ ಹೋದೆ. ಅವರು ರಕ್ತ ಪರೀಕ್ಷೆಗೂ ಬರೆಯದೆ, "ಈ ವಯಸ್ಸಲ್ಲಿ ಇಷ್ಟು ಓಡಿದ್ರೆ ಗರ್ಭಕೋಶ ಜಾರುತ್ತಮ್ಮ, ನಿಲ್ಲಿಸಿ" ಅಂದರು. ಮನೆಗೆ ಬಂದು ರಾತ್ರಿಯೆಲ್ಲ ಮೊಬೈಲಿನಲ್ಲಿ ಓದಿದೆ. ಓದುತ್ತಾ ಓದುತ್ತಾ ನಗು ಬಂತು. ಅಮೆರಿಕದಲ್ಲಿ ಐವತ್ತು ಅರವತ್ತು ವರ್ಷದ ಹಿಂದೆ ಇದೇ ಮಾತು ಓಡಾಡುತ್ತಿತ್ತು! 1966ರಲ್ಲಿ ಬಾಬಿ ಗಿಬ್ ಅನ್ನುವ ಹೆಂಗಸು ಬೋಸ್ಟನ್ ಮ್ಯಾರಥಾನ್‌ಗೆ ಅರ್ಜಿ ಹಾಕಿದರೆ ಹೆಂಗಸರ ದೇಹಕ್ಕೆ ಅಷ್ಟು ದೂರ ಓಡುವ ಶಕ್ತಿಯಿಲ್ಲ ಅಂತ ಉತ್ತರ ಬಂತಂತೆ. ಅವರು ಪೊದೆಯಲ್ಲಿ ಅವಿತಿದ್ದು, ನಂಬರಿಲ್ಲದೆಯೇ ಸೇರಿಕೊಂಡು ಓಡಿ ಮುಗಿಸಿದರು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ಬರೀ ಇನಿಷಿಯಲ್ ಹಾಕಿ 261 ನಂಬರ್ ಪಡೆದು ಓಡುತ್ತಿದ್ದಾಗ, ಓಟದ ಅಧಿಕಾರಿಯೊಬ್ಬರು ನಡುದಾರಿಯಲ್ಲಿ ನುಗ್ಗಿ ಆ ನಂಬರನ್ನು ಕಿತ್ತುಕೊಳ್ಳಲು ನೋಡಿದರು. ಬೋಸ್ಟನ್‌ನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ, ಒಲಿಂಪಿಕ್ಸ್‌ನಲ್ಲಿ 1984ಕ್ಕೆ, ಆಗ ನನಗೆ ಐದು ವರ್ಷ. ಮರುವರ್ಷವೇ ನಮ್ಮ ದೇಶದ ಆಶಾ ಅಗರ್‌ವಾಲ್ ಹಾಂಗ್‌ಕಾಂಗ್ ಮ್ಯಾರಥಾನ್ ಗೆದ್ದಿದ್ದಾರೆ, ಅರ್ಜುನ ಪ್ರಶಸ್ತಿಯೂ ಬಂದಿದೆ. ನಾನು ಅವರ ಹೆಸರು ಕೇಳಿದ್ದು ಅವತ್ತೇ, ನಲವತ್ತಮೂರನೇ ವಯಸ್ಸಿನಲ್ಲಿ.

ಬೇರೆ ಡಾಕ್ಟರು, ಹೆಂಗಸು, ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಹೀಮೋಗ್ಲೋಬಿನ್ 9.6. ನಮ್ಮಂಥವರಿಗೆ 12 ಇರಬೇಕು. "ಓಟದಿಂದ ಸುಸ್ತಲ್ಲ, ರಕ್ತ ಇಲ್ಲದೆ ಓಡ್ತಿದ್ದೀರಲ್ಲ, ಅದಕ್ಕೆ ಸುಸ್ತು" ಅಂದರು. ನನಗೆ ಎರಡು ವರ್ಷದಿಂದ ಸ್ರಾವ ಜಾಸ್ತಿಯಿತ್ತು, ಯಾರಿಗೂ ಹೇಳಿರಲಿಲ್ಲ. ದೇಶದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತೆ. ಅಷ್ಟೂ ಜನ ಬೆಳಿಗ್ಗೆ ಎದ್ದು ನೀರು ಹೊರುತ್ತಾರೆ, ಕಳೆ ಕೀಳುತ್ತಾರೆ, ಅದನ್ನು ಯಾರೂ ಸುಸ್ತು ಅನ್ನುವುದಿಲ್ಲ. ಕಬ್ಬಿಣದ ಮಾತ್ರೆ ಶುರುವಾಯಿತು. ಊಟದ ಜೊತೆ ನಿಂಬೆಹಣ್ಣು. ಊಟವಾದ ತಕ್ಷಣ ಕಾಫಿ ಕೂಡದು, ಒಂದು ಗಂಟೆ ಬಿಡಬೇಕು, ಕಬ್ಬಿಣದ ಅಂಶವನ್ನು ಕಾಫಿ, ಟೀ ಒಳಗೆ ಬಿಡುವುದಿಲ್ಲ. ಎಲ್ಲ ಕಷ್ಟಗಳಲ್ಲಿ ನನಗೆ ನಿಜವಾಗಿ ಕಷ್ಟ ಅನ್ನಿಸಿದ್ದು ಈ ಕಾಫಿಯದ್ದು. ಒಂದು ತಿಂಗಳು ಓಟ ಅರ್ಧಕ್ಕೆ ಇಳಿಸಿದೆ. ಡಿಸೆಂಬರಿಗೆ 11.4 ಆಯಿತು, ಅದೇ ಏರಿ ತಗ್ಗಾದ ಹಾಗೆ ಅನ್ನಿಸಿತು.

ಆ ಹೊತ್ತಿಗೆ ಊರ ಸುತ್ತ ಆಲೆಮನೆಗಳು ಹೊಗೆಯಾಡುತ್ತಿದ್ದವು. ಐದೂವರೆಯ ಮಂಜಿನಲ್ಲಿ ಆಲೆಮನೆ ಹಾದುಹೋಗುವುದು ಅಂದರೆ ಬಿಸಿ ಪಾಕದೊಳಗೆ ಓಡಿದ ಹಾಗೆ. ಗಂಟಲಿಗೆಲ್ಲ ಸಿಹಿ ಮೆತ್ತಿಕೊಳ್ಳುತ್ತೆ. ಬೆಂಗಳೂರಿನವರು ದೂರದ ಓಟದಲ್ಲಿ ನುಂಗಲು ಜೆಲ್ ಅನ್ನುವ ಪೊಟ್ಟಣ ಇಟ್ಟುಕೊಳ್ಳುತ್ತಾರೆ, ಒಂದಕ್ಕೆ ನೂರು ರೂಪಾಯಿಗೂ ಮೇಲೆ. ಒಂದು ತಿಂದು ನೋಡಿದೆ, ಸಕ್ಕರೆ ಹಾಕಿದ ಗೋಂದು. ಮಂಡ್ಯದಲ್ಲಿ ಕೂತು ಸಿಹಿಗೆ ನೂರು ರೂಪಾಯಿ ಕೊಡುವುದೇ? ಅಚ್ಚುಬೆಲ್ಲವನ್ನು ಅಡಿಕೆ ಗಾತ್ರಕ್ಕೆ ಕುಟ್ಟಿ, ಒಂದೊಂದಕ್ಕೂ ಚಿಟಿಕೆ ಉಪ್ಪು ಸವರಿ, ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡೆ. ಐದು ಕಿಲೋಮೀಟರಿಗೊಂದು ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಮೂವತ್ತು ಕಿಲೋಮೀಟರಿನ ಆಸುಪಾಸಿಗೆ ಖಾಲಿಯಾಗುತ್ತೆ, ಅದಕ್ಕೆ ಮುಂಚೆಯೇ ಹೊರಗಿನಿಂದ ಕೊಡುತ್ತಾ ಬರಬೇಕು, ಹಸಿವಾದ ಮೇಲೆ ತಿಂದರೆ ತಡ. ಚಳಿಗಾಲಕ್ಕೆ ಬೆಲ್ಲ ಚೆನ್ನಾಗಿಯೇ ನಡೆಯಿತು.

ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದವರು ನಾಲೆಯ ಪಕ್ಕ ಗುಡಿಸಲು ಹಾಕಿಕೊಂಡಿದ್ದರು. ಆ ಹೆಂಗಸರು ನಾವು ಹೋಗುವಾಗ ಒಲೆ ಹಚ್ಚುತ್ತಿರುತ್ತಿದ್ದರು, ವಾಪಸು ಬರುವಾಗ ಗದ್ದೆಯಲ್ಲಿ ಅರ್ಧ ಸಾಲು ಕಡಿದಿರುತ್ತಿದ್ದರು. ಒಂದು ದಿನ ಒಬ್ಬಾಕೆ ಮಚ್ಚು ಹಿಡಿದೇ ಏರಿಗೆ ಬಂದು ಕೇಳಿದಳು: "ಅಕ್ಕಾ, ಹಿಂಗ ಓಡಾಕ ಎಷ್ಟ್ ಕೊಡ್ತಾರ್ರೀ?"

"ಯಾರೂ ಏನೂ ಕೊಡಲ್ಲ. ಓಡಕ್ಕೆ ನಾವೇ ದುಡ್ಡು ಕಟ್ಟಬೇಕು."

ಅವಳು ತಿರುಗಿ ಗದ್ದೆಯ ಕಡೆ ಕೂಗಿ ಹೇಳಿದಳು, "ರೊಕ್ಕ ಕೊಟ್ಟು ಓಡ್ತಾರಂತ ಬೇ ಇವ್ರು!" ಗದ್ದೆಯೊಳಗಿಂದ ಆರೇಳು ಜನ ಒಟ್ಟಿಗೆ ನಕ್ಕರು. ನಾವೂ ನಕ್ಕೆವು. ಮುಂದಿನ ಭಾನುವಾರದಿಂದ ಅವಳ ಎಂಟು ವರ್ಷದ ಮಗಳು ಬರಿಗಾಲಿನಲ್ಲಿ ಗುಡಿಸಲಿನಿಂದ ತೂಬಿನವರೆಗೆ ನಮ್ಮ ಜೊತೆ ಓಡಿ ಬರುತ್ತಿದ್ದಳು. ಮಾತಿಲ್ಲ ಕಥೆಯಿಲ್ಲ, ತೂಬು ಮುಟ್ಟಿ ಹಿಂತಿರುಗುತ್ತಿದ್ದಳು. ನಮಗಿಂತ ಬಹಳ ಜೋರು.

ಡಿಸೆಂಬರ್ 18ಕ್ಕೆ 32 ಮುಗಿಯಿತು. ಅವತ್ತು ರಾತ್ರಿ ಫುಟ್‌ಬಾಲ್ ವಿಶ್ವಕಪ್ಪಿನ ಫೈನಲ್. ಮೆಸ್ಸಿ ಗೆದ್ದ ಅಂತ ಮಗ ಮಂಚದ ಮೇಲೆ ಹತ್ತಿ ಕುಣಿದನಂತೆ, ಅದೇ ಮಂಚದಲ್ಲಿ ಮಲಗಿದ್ದ ನನಗೆ ಎಚ್ಚರವಾಗಲಿಲ್ಲ.

ಇನ್ನು ಸಂಕ್ರಾಂತಿ. ಹೆಸರು ಕೊಡುವಾಗ ಜನವರಿ 15 ಭಾನುವಾರ ಅಂತ ಮಾತ್ರ ನೋಡಿದ್ದೆ. ಹೊಸ ಕ್ಯಾಲೆಂಡರ್ ಮನೆಗೆ ಬಂದಾಗ ಅತ್ತೆ ಬೆರಳಿಟ್ಟು ತೋರಿಸಿದರು. 14ಕ್ಕೆ ಬರುತ್ತಿದ್ದ ಹಬ್ಬ ಆ ವರ್ಷ 15ಕ್ಕೆ. 14ಕ್ಕೆ ಬಿದ್ದಿದ್ದರೂ ನಾನು ಊರಲ್ಲಿ ಇರುತ್ತಿರಲಿಲ್ಲ ಅನ್ನಿ, ಗುರುವಾರವೇ ರೈಲು. ಆದರೆ ಹಬ್ಬದ ದಿನವೇ ಓಟ ಅಂದಾಗ ಅದರ ತೂಕ ಬೇರೆ. ನಮ್ಮ ಕಡೆ ಸಂಕ್ರಾಂತಿ ಅಂದರೆ ದನಗಳ ಹಬ್ಬ. ಬೆಳಿಗ್ಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸಬೇಕು. ಅವರೆಕಾಯಿ, ಗೆಣಸು, ಕಡಲೆಕಾಯಿ ಬೇಯಬೇಕು. ಮನೆಮನೆಗೆ ಎಳ್ಳು ಬೀರಬೇಕು.

"ಹಬ್ಬದ ದಿನ ಮನೆ ಸೊಸೆ ಬೊಂಬಾಯಿ ಬೀದೀಲಿ ಓಡಕ್ಕೋಗವ್ಳೆ ಅಂದ್ರೆ ನೋಡ್ದೋರು ಏನಂದಾರು?"

"ಅತ್ತೆಮ್ಮ, ಮೂರು ತಿಂಗಳಿಂದ ಓಡಿದೀನಿ."

"ನಾನು ಐವತ್ತು ವರ್ಸದಿಂದ ಹಬ್ಬ ಮಾಡಿವ್ನಿ ಕಣವ್ವ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಮ್ಮೆಜಮಾನರು ದನ ತೊಳೆಯುವುದು ನಾನು ಅಂದರು. ವರ್ಷಾ ವರ್ಷ ತೊಳೆಯುವವರು ಅವರೇ, ಅದೇನೂ ಹೊಸ ಉಪಕಾರವಲ್ಲ. ಎಳ್ಳು ಬೀರಲು ಮಗಳು ಒಪ್ಪಿದಳು. ಅತ್ತೆ ನಾಲ್ಕು ದಿನ ಮಾತು ಬಿಟ್ಟರು. ತಟ್ಟೆ ನನ್ನ ಮುಂದೆ ಇಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಹೊರಡುವ ದಿನ ಸಂಜೆ ಬ್ಯಾಗಿನ ಪಕ್ಕ ಒಂದು ಗಂಟು ಇತ್ತು. ಎಳ್ಳುಬೆಲ್ಲ, ಎರಡು ಸಕ್ಕರೆ ಅಚ್ಚು, ಕಬ್ಬಿನ ತುಂಡು. "ನಿಮ್ ಚಿಕ್ಕಮ್ಮಂಗೆ. ಬರೀಗೈಲಿ ಓಗ್ಬೇಡ" ಅಂತ ಗೋಡೆಗೆ ಹೇಳಿದರು.

ಒಂದು ರಾತ್ರಿ, ಒಂದು ಹಗಲು ರೈಲು. ಶನಿವಾರ ಬಿ.ಕೆ.ಸಿ.ಗೆ, ಅಂದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ಗೆ ಹೋಗಿ ಬಿಬ್ ತಂದೆ. ಅಂದರೆ ಎದೆಗೆ ಪಿನ್ನು ಹಾಕಿಕೊಳ್ಳುವ ನಂಬರು. ಮಾಟುಂಗದಲ್ಲಿ ಬಾಳೆಎಲೆ ಊಟ ಸಿಗುತ್ತೆ, ಮಲ್ಲಿಗೆ ಹೂವು ಸಿಗುತ್ತೆ, ಮೈಸೂರ್ ಅಸೋಸಿಯೇಷನ್ನಿನ ಕಟ್ಟಡವೂ ಅಲ್ಲೇ ಇದೆ, ಪರಊರು ಅನ್ನಿಸುವುದೇ ಇಲ್ಲ. ಚಿಕ್ಕಮ್ಮ ಏಳು ಗಂಟೆಗೇ ಮೊಸರನ್ನ ತಿನ್ನಿಸಿ ಮಲಗಿಸಿದರು. ಹಿಟ್ಟು ರುಬ್ಬದೆ ಮಲಗಿದ ಮೊದಲ ಶನಿವಾರ. ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ಐದು ದಾಟಿದ ಮೇಲೆ, ಕತ್ತಲಿರುವಾಗಲೇ ಹೊರಟೆವು. ಮೊದಲ ಇಪ್ಪತ್ತು ಕಿಲೋಮೀಟರ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಚೆನ್ನಾಗಿತ್ತು. ಮರೀನ್ ಡ್ರೈವ್, ಹಾಜಿ ಅಲಿ, ವರ್ಲಿ. ಉಳಿದ ದಿನ ಕಾಲ್ನಡಿಗೆಯವರನ್ನು ಬಿಡದ ಸೀ ಲಿಂಕ್ ಸೇತುವೆಯ ಮೇಲೆ ಸೂರ್ಯ ಹುಟ್ಟಿದ. ನಾಲೆ ನೋಡಿದವಳಿಗೆ ಎರಡೂ ಕಡೆ ಸಮುದ್ರ. ಎಲ್ಲರೂ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು, ನಿಂತರೆ ಕಾಲು ಮತ್ತೆ ಹೊರಡುವುದಿಲ್ಲವೇನೋ ಅಂತ ನಾನು ನಿಲ್ಲಲಿಲ್ಲ. ಈಗ ಒಂದು ಫೋಟೊ ಇರಬೇಕಿತ್ತು ಅನ್ನಿಸುತ್ತೆ. ದಾರಿಯುದ್ದಕ್ಕೂ ತಾತ್ಕಾಲಿಕ ಶೌಚಾಲಯಗಳ ಸಾಲು ಕಂಡಾಗ ಆದ ಸಂತೋಷ ಸಮುದ್ರ ಕಂಡಾಗಿನದಕ್ಕಿಂತ ಕಮ್ಮಿಯೇನಲ್ಲ. ಬೇಕಿಲ್ಲದಿದ್ದರೂ ಒಂದು ಸಲ ಹೋಗಿ ಬಂದೆ.

ಶಿವಾಜಿ ಪಾರ್ಕಿನ ಹತ್ತಿರ ಚಿಕ್ಕಮ್ಮ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಹೆಸರನ್ನು ಕನ್ನಡದಲ್ಲಿ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಕೂಗಿದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳಿಗೆ ಅಳು ಬಂತು. ಜೇಬಿಗೆ ಕೈ ಹಾಕಿದರೆ ಬೆಲ್ಲ ಇಲ್ಲ, ಮುಂಬೈಯ ಸೆಕೆಗೆ, ಬೆವರಿಗೆ ಕರಗಿ ಕವರು ತೂತಾಗಿ ತೊಡೆಯುದ್ದಕ್ಕೂ ಅಂಟಾಗಿ ಇಳಿದಿತ್ತು. ಮೂರು ತಿಂಗಳು ಚಳಿಯಲ್ಲಿ ಪರೀಕ್ಷೆ ಮಾಡಿದ ಬುದ್ಧಿವಂತಿಕೆ ಅಷ್ಟಕ್ಕೇ ಮುಗಿಯಿತು.

ಮೂವತ್ತೆರಡಕ್ಕೆ ಕಾಲುಗಳು ನನ್ನವಲ್ಲ ಅನ್ನಿಸತೊಡಗಿತು. ನೋವು ಅಂದರೆ ತಪ್ಪಾಗುತ್ತೆ. ತೊಡೆಯೊಳಗೆ ಯಾರೋ ಒದ್ದೆ ಮರಳು ತುಂಬಿದ ಹಾಗೆ. ಸಣ್ಣ ಲೆಕ್ಕವೂ ತಪ್ಪುತ್ತಿತ್ತು. ನಲವತ್ತೆರಡರಲ್ಲಿ ಮೂವತ್ತೆರಡು ಹೋದರೆ ಎಷ್ಟು ಅಂತ ದಿನವಿಡೀ ನೋಟು ಎಣಿಸುವ ನಾನು ಬೆರಳು ಮಡಿಚಿದೆ. ನಮಗಿಂತ ಬಹಳ ತಡವಾಗಿ ಹೊರಟ ಆಫ್ರಿಕಾದ ಓಟಗಾರ್ತಿಯರು ಯಾವಾಗಲೋ ನನ್ನನ್ನು ದಾಟಿಹೋಗಿದ್ದರು, ಹೆಜ್ಜೆಯ ಸದ್ದೂ ಇಲ್ಲದೆ. ಅವತ್ತು ಗೆದ್ದ ಇಥಿಯೋಪಿಯಾದ ಅಂಚಲೆಮ್ ಹೇಮನೋಟ್ ತೆಗೆದುಕೊಂಡದ್ದು 2 ಗಂಟೆ 24 ನಿಮಿಷ 15 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ನಾನು ಓಡಿದ್ದು ಹದಿನೆಂಟು ಕಿಲೋಮೀಟರ್.

ಮೂವತ್ತೈದು ದಾಟಿದ ಮೇಲೆ ಪೆಡ್ಡರ್ ರಸ್ತೆಯ ಏರು. ಕಾರಿನಲ್ಲಿ ಹೋಗುವವರಿಗೆ ಅದು ಏರು ಅಂತಲೇ ಗೊತ್ತಾಗಲಿಕ್ಕಿಲ್ಲ. ನನ್ನ ಮುಂದೆ ಅರವತ್ತು ದಾಟಿದ ಹೆಂಗಸೊಬ್ಬರು, ಮರಾಠಿಯವರು, ನಡೆಯುತ್ತಿದ್ದರು. ನಾನೂ ನಡೆದೆ. ಅವರಿಗೆ ಕನ್ನಡ ಬಾರದು, ನನ್ನ ಹಿಂದಿ ದೇವರಿಗೇ ಪ್ರೀತಿ. ಒಂದು ಕಟ್ಟಡದ ಮುಂದೆ ಚಿಕ್ಕ ಮಕ್ಕಳು ತಟ್ಟೆ ಹಿಡಿದು ನಿಂತು "ತಿಳ್‌ಗುಳ್ ಘ್ಯಾ, ಗೋಡ್ ಗೋಡ್ ಬೋಲಾ" ಅಂತ ಓಡುವವರಿಗೆಲ್ಲ ಎಳ್ಳುಂಡೆ ಹಂಚುತ್ತಿದ್ದರು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಅಂತ ನಾವೂ ಹೇಳುತ್ತೇವಲ್ಲ, ಅದೇ. ಎರಡು ತೆಗೆದುಕೊಂಡೆ. ಆ ಹೆಂಗಸು ತಮ್ಮ ಪಾಲಿನದನ್ನೂ ನನ್ನ ಕೈಗೆ ತುರುಕಿ ಮುಂದೆ ನಡೆಯುವಂತೆ ಬೆನ್ನು ತಟ್ಟಿದರು. ಅಗಿಯಲು ದವಡೆಯಲ್ಲಿ ಶಕ್ತಿಯಿರಲಿಲ್ಲ, ನಾಲಿಗೆಯ ಮೇಲೆ ಇಟ್ಟುಕೊಂಡೇ ಏರು ಹತ್ತಿದೆ. ಊರಲ್ಲಿ ಮಗಳು ಆ ಹೊತ್ತಿಗೆ ತಟ್ಟೆ ಹಿಡಿದು ಮನೆಮನೆಗೆ ಹೊರಟಿರುತ್ತಾಳೆ ಅನ್ನಿಸಿತು. ಏರು ಇಳಿಯುವಾಗ ಓಡಿದೆ. ಓಟ ಅನ್ನಬಹುದಾದರೆ.

5 ಗಂಟೆ 52 ನಿಮಿಷ. ಪದಕ ಕೊರಳಿಗೆ ಹಾಕಿದ ಹುಡುಗಿ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಮೈದಾನದಲ್ಲಿ ಕೂತು ಶೂ ಬಿಚ್ಚಿದರೆ ಎಡಗಾಲಿನ ಹೆಬ್ಬೆರಳ ಉಗುರು ಕಬ್ಬಿನ ಗೆಣ್ಣಿನಂತೆ ಕಪ್ಪಾಗಿತ್ತು. ಮಗಳಿಗೆ ಫೋನ್ ಮಾಡಿದೆ. "ಮುಗೀತಾ ಅಮ್ಮಾ?" ಅಂದಳು. "ಎಳ್ಳು ಬೀರಿದ್ದಾಯ್ತಾ?" ಅಂದೆ ನಾನು.

ಊರಿಗೆ ಬಂದು ಮೂರು ದಿನ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದೆ. ಬ್ಯಾಂಕಿನಲ್ಲಿ ಕೌಂಟರಿನಿಂದ ಏಳುವಾಗಲೆಲ್ಲ "ಅಯ್ಯಪ್ಪಾ" ಅನ್ನುವುದನ್ನು ಕೇಳಿ ಮ್ಯಾನೇಜರು ರಜೆ ಹಾಕಿ ಅಂದರು. ಅತ್ತೆ ಪದಕವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಇಂಥದ್ದಕ್ಕೆ ಎಷ್ಟು ಖರ್ಚಾಯಿತು ಅಂತ ಕೇಳಿದರು. ಅರ್ಧ ಹೇಳಿದೆ. ಉಗುರು ಫೆಬ್ರವರಿಯಲ್ಲಿ ತಾನಾಗಿಯೇ ಕಳಚಿತು. ಬೇಸಿಗೆಯಲ್ಲಿ ಓಟ ಕಮ್ಮಿ ಮಾಡಿದೆ, ಮಳೆಗಾಲದಲ್ಲಿ ಪಿ.ಟಿ. ಮೇಡಮ್ಮಿಗೆ ವರ್ಗವಾಯಿತು. ಆ ವರ್ಷ ಮುಂಬೈಗೆ ನಾನು ಹೆಸರು ಕೊಡಲಿಲ್ಲ. ಕೊಡಲಿಲ್ಲ ಅಂತ ಮನೆಯಲ್ಲಿ ಹೇಳಲೂ ಇಲ್ಲ, ಯಾರೂ ಕೇಳಿರಲಿಲ್ಲ.

ಡಿಸೆಂಬರ್ ಕೊನೆಗೆ 2024ರ ಕ್ಯಾಲೆಂಡರ್ ತಂದೆ. ಅತ್ತೆ ಸುರುಳಿ ಬಿಚ್ಚಿ, ಕನ್ನಡಕ ಹಾಕಿಕೊಂಡು, ಜನವರಿಯ ಹಾಳೆಯ ಮೇಲೆ ಬೆರಳಾಡಿಸಿದರು.

"ಈ ಸತಿ ಹಬ್ಬ ಸ್ವಾಮಾರ ಬಿದ್ದದೆ, ಅದಿನೈದು. ನಿನ್ ಓಟ ಯಾವತ್ತು?"

"ಇಪ್ಪತ್ತೊಂದು, ಭಾನುವಾರ."

"ಅಂಗಾರೆ ಅಷ್ಟೊತ್ಗೆ ಹಬ್ಬ ಮುಗ್ದೋಗಿರ್ತದೆ" ಅಂದು ಕ್ಯಾಲೆಂಡರನ್ನು ಮೊಳೆಗೆ ತಗುಲಿ ಹಾಕಿದರು.